ಮನೇಲಿ ಮೂರು ಜನ ದುಡಿದ್ರೆ ಮೂರು ಇಎಸ್‌ಐ ಕಾರ್ಡೂ ಲೆಕ್ಕಕ್ಕೆ ಬರ್ಬೇಕು

ಮಾನ್ಯ ಸಂಪಾದಕರೇ,

ಇಎಸ್‌ಐ, ಅಂದ್ರೆ ಸಂಬಳದಲ್ಲಿ ಸ್ವಲ್ಪ ಹಿಡ್ಕೊಂಡು ನೌಕರರಿಗೂ ಅವರ ಮನೆಯವರಿಗೂ ಚಿಕಿತ್ಸೆ ಕೊಡೋ ನೌಕರರ ರಾಜ್ಯ ವಿಮೆ, ಅದರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಪತ್ರ ಬರ್ತಾನೇ ಇರುತ್ತೆ, ಡಿಸ್ಪೆನ್ಸರಿಲಿ ಔಷಧಿ ಇಲ್ಲ, ಡಾಕ್ಟರ್ ಬಂದಿಲ್ಲ, ಕ್ಯೂ ಮುಗಿಯಲ್ಲ ಅಂತ. ಅದೆಲ್ಲ ನಿಜಾನೇ, ಬರೀಲೇಬೇಕು. ಆದ್ರೆ ನಾನು ಹೇಳೋಕೆ ಹೊರಟಿರೋದು ಅದಕ್ಕಿಂತ ಮುಂಚಿನ ವಿಷಯ. ಒಂದೇ ಮನೇಲಿ ಗಂಡ ಹೆಂಡತಿ ಇಬ್ರೂ, ಕೆಲವು ಕಡೆ ಮಗನೋ ಮಗಳೋ ಸೇರಿ ಮೂರು ಜನ ದುಡಿತಿರ್ತಾರೆ, ಮೂರೂ ಜನರ ಸಂಬಳದಲ್ಲಿ ತಿಂಗಳು ತಿಂಗಳು ಇಎಸ್‌ಐ ಕಟ್ ಆಗ್ತಿರುತ್ತೆ, ಆದ್ರೆ ಮನೇಲಿ ಬಳಕೆಲಿ ಇರೋ ಕಾರ್ಡ್ ಮಾತ್ರ ಒಂದೇ, ಅದೂ ಮನೆ ಯಜಮಾನರದ್ದು. ಮಿಕ್ಕವರ ಕಾರ್ಡ್ ಎಷ್ಟೋ ಸಲ ಪ್ರಿಂಟೇ ಆಗಿರಲ್ಲ, ಆಗಿದ್ರೂ ಅದ್ರಲ್ಲಿ ಫ್ಯಾಮಿಲಿ ಹೆಸರು ಇರಲ್ಲ. ಇದ್ರಿಂದ ದುಡಿಯೋ ಜನ, ಅದರಲ್ಲೂ ಹೆಣ್ಣುಮಕ್ಕಳು, ತಮಗೆ ಬರ್ಬೇಕಾದ ಎಷ್ಟೊಂದು ಕಳ್ಕೊಳ್ತಿದ್ದಾರೆ ಅನ್ನೋದನ್ನ ದಿನಾ ಕಣ್ಣಾರೆ ನೋಡ್ತಿದ್ದೀನಿ, ಅದಕ್ಕೇ ಬರೀತಿದ್ದೀನಿ.

ನಾನು ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿಲಿ ಟೈಮ್ ಆಫೀಸ್ ನೋಡ್ಕೊಳ್ಳೋನು. ಹಾಜರಿ, ಪಿಎಫ್, ಇಎಸ್‌ಐ ಎಂಟ್ರಿ ಎಲ್ಲ ನನ್ನ ಟೇಬಲ್ ಮೇಲೇ ಆಗೋದು. ಹೊಸಬ್ರು ಕೆಲಸಕ್ಕೆ ಸೇರ್ಕೊಂಡಾಗ ಫಾರಂ ತುಂಬಿಸ್ತಾ ಮನೇಲಿ ಬೇರೆ ಯಾರಾದ್ರೂ ಕೆಲಸಕ್ಕೆ ಹೋಗ್ತಾರಾ ಅಂತ ಕೇಳ್ತೀನಿ. ಹೂಂ ಸಾರ್, ಮನೆಯವಳು ಗಾರ್ಮೆಂಟ್ಸಲ್ಲಿ ಟೈಲರ್, ಮಗ ಗೋಡೌನಲ್ಲಿ ಪ್ಯಾಕಿಂಗ್ ಅಂತಾರೆ. ಅವರ ಇಎಸ್‌ಐ ಕಾರ್ಡ್ ಇದ್ಯಾ ಅಂದ್ರೆ, ಅದೇನೋ ಸಂಬಳದಲ್ಲಿ ಹಿಡ್ಕೋತಾರೆ ಸಾರ್, ಕಾರ್ಡ್ ಗೀರ್ಡ್ ಮಾಡ್ಸಿಲ್ಲ, ಹೆಂಗಿದ್ರೂ ನನ್ನ ಕಾರ್ಡಲ್ಲೇ ಎಲ್ಲಾ ಬರ್ತಾರಲ್ಲ ಅಂತ ಉತ್ತರ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಯಜಮಾನರಿಗೆ ಇಎಸ್‌ಐ ಇದೆ ಸಾರ್, ನಂಗೆ ಕಟ್ ಮಾಡ್ಬೇಡಿ, ಆ ದುಡ್ಡು ಕೈಗೇ ಕೊಡಿ ಅಂತ ಕೇಳ್ತಾರೆ. ಕೇಳೋದು ಸಹಜ, ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ.

ಮೊದಲು ರೂಲ್ಸ್ ಏನಿದೆ ಅಂತ ಹೇಳಿಬಿಡ್ತೀನಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ರೆ (ಅಂಗವಿಕಲರಿಗೆ 25,000) ಇಎಸ್‌ಐ ಕಡ್ಡಾಯ, ಈ ಮಿತಿ 2017ರ ಜನವರಿ 1ರಿಂದ ಇದೆ. ಮನೇಲಿ ಇನ್ನೊಬ್ರಿಗೆ ಇದೆ ಅನ್ನೋ ಕಾರಣಕ್ಕೆ ಬಿಡೋಕೆ ಬರಲ್ಲ. 2019ರ ಜುಲೈಯಿಂದ ನೌಕರರ ಪಾಲು ಶೇಕಡಾ 0.75, ಕಂಪನಿ ಪಾಲು ಶೇಕಡಾ 3.25. ಗಂಡಂಗೆ 16,000, ಹೆಂಡತಿಗೆ 14,000, ಮಗಂಗೆ 18,000 ಸಂಬಳ ಅಂತ ಇಟ್ಕೊಳ್ಳಿ. ಗಂಡನ ಕೈಯಿಂದ 120, ಹೆಂಡತಿದು 105, ಮಗಂದು 135, ಒಟ್ಟು 360 ರೂಪಾಯಿ. ಇಷ್ಟೇನಾ ಅನ್ಸುತ್ತೆ. ಆದ್ರೆ ಇವರ ಹೆಸರಿಗೆ ಕಂಪನಿಗಳು ಕಟ್ಟೋದು 520, 455, 585. ಎಲ್ಲಾ ಸೇರಿಸಿದ್ರೆ ಆ ಒಂದು ಮನೆ ಹೆಸರಲ್ಲಿ ತಿಂಗಳಿಗೆ 1,920 ರೂಪಾಯಿ, ವರ್ಷಕ್ಕೆ 23,040 ರೂಪಾಯಿ ಹೋಗ್ತಿದೆ. ಇಷ್ಟು ದುಡ್ಡು ಕಟ್ಟಿ ಒಂದೇ ಕಾರ್ಡ್ ಇಟ್ಕೊಂಡು ಓಡಾಡೋದು ಅಂದ್ರೆ ಮೂರು ಬಾಡಿಗೆ ಕೊಟ್ಟು ಒಂದೇ ರೂಮಲ್ಲಿ ಮಲಗಿದ ಹಾಗೆ.

ಇದಕ್ಕೆ ಒಂದು ಒಳ್ಳೆ ಪ್ರಶ್ನೆ ಬರುತ್ತೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ಇಎಸ್‌ಐನಲ್ಲಿ ಟ್ರೀಟ್‌ಮೆಂಟಿಗೆ ಇಷ್ಟು ಲಕ್ಷ ಅಂತ ಪ್ರೈವೇಟ್ ಇನ್ಶೂರೆನ್ಸ್ ಥರ ಮಿತಿ ಹಾಕ್ಕೊಂಡು ಶುರು ಮಾಡಲ್ಲ, ಅದೇ ಡಿಸ್ಪೆನ್ಸರಿ, ಅದೇ ಆಸ್ಪತ್ರೆ, ಅದೇ ಡಾಕ್ಟರು, ಕಾರ್ಡ್ ಒಂದಿದ್ರೂ ಮೂರಿದ್ರೂ ಸಿಗೋ ಮಾತ್ರೆ ಒಂದೇ ತಾನೇ, ಮತ್ತೆ ಯಾಕೆ ತಲೆಕೆಡಿಸ್ಕೋಬೇಕು ಅಂತ. ಮಾತ್ರೆ ಮಟ್ಟಿಗೆ ಈ ಮಾತು ಸರಿ. ಆದ್ರೆ ಇಎಸ್‌ಐ ಅಂದ್ರೆ ಬರೀ ಮಾತ್ರೆ ಅಲ್ಲ. ಹುಷಾರಿಲ್ಲದಾಗ ಸಂಬಳದ ಬದಲು ಬರೋ ದುಡ್ಡು, ಹೆರಿಗೆ ಟೈಮಲ್ಲಿ ಬರೋ ದುಡ್ಡು, ಕೆಲಸದಲ್ಲಿ ಕೈಯೋ ಕಾಲೋ ಹೋದ್ರೆ ಬರೋ ದುಡ್ಡು, ಇದ್ಯಾವುದೂ ಫ್ಯಾಮಿಲಿ ಮೆಂಬರ್‌ಗೆ ಬರಲ್ಲ, ಯಾರ ಹೆಸರಲ್ಲಿ ಐಪಿ ನಂಬರ್ (ಇಎಸ್‌ಐನಲ್ಲಿ ಒಬ್ಬೊಬ್ಬ ನೌಕರರಿಗೂ ಕೊಡೋ ಇನ್ಶೂರೆನ್ಸ್ ನಂಬರ್) ಇದ್ಯೋ ಅವರಿಗೇ, ಅವರದೇ ಕಾರ್ಡಲ್ಲೇ ಬರೋದು. ನಮ್ಮ ಜನ ಎಡವ್ತಿರೋದು ಇಲ್ಲೇ.

ನಮ್ಮ ಫ್ಯಾಕ್ಟರಿಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡೋ ಒಬ್ರ ಮನೆ ಕಥೆ ಹೇಳ್ತೀನಿ. ಅವರ ಹೆಂಡತಿ ಒಂದು ಗಾರ್ಮೆಂಟ್ಸಲ್ಲಿ ಟೈಲರ್, ವರ್ಷಾನುಗಟ್ಟಲೆ ಅಲ್ಲೇ ಇದ್ದಾರೆ. ಟೈಫಾಯ್ಡ್ ಬಂತು. ಗಂಡನ ಪರ್ಸಲ್ಲಿ ಕಾರ್ಡ್ ಇತ್ತು, ಅದನ್ನೇ ತಗೊಂಡು ಡಿಸ್ಪೆನ್ಸರಿಗೆ ಹೋದ್ರು, ಅದ್ರಲ್ಲಿ ಆಯಮ್ಮನ ಹೆಸರು ಹೆಂಡತಿ ಅಂತ ಇದೆ, ಡಾಕ್ಟರ್ ನೋಡಿದ್ರು, ರಕ್ತ ಪರೀಕ್ಷೆ ಆಯ್ತು, ಔಷಧಿ ಕೊಟ್ರು, ಎಲ್ಲ ಚೆನ್ನಾಗೇ ಆಯ್ತು. ಮೂರು ವಾರ ಎದ್ದು ಓಡಾಡೋಕೆ ಆಗ್ಲಿಲ್ಲ. ವಾಸಿಯಾಗಿ ಕೆಲಸಕ್ಕೆ ಹೋದ್ರೆ ಅಲ್ಲಿ ಇಎಸ್‌ಐ ಸಿಕ್ ಸರ್ಟಿಫಿಕೇಟ್ ಎಲ್ಲಮ್ಮ ಅಂದ್ರು. ಇವರ ಹತ್ರ ಇದ್ದಿದ್ದು ಔಷಧಿ ಚೀಟಿ, ಅದರ ಮೇಲೆ ಇರೋದು ಗಂಡನ ನಂಬರ್. ವಾಪಸ್ ಡಿಸ್ಪೆನ್ಸರಿಗೆ ಬಂದ್ರೆ ಅವರು, ನಾವು ನಿಮ್ಮನ್ನ ನೋಡಿದ್ದು ನೌಕರರ ಹೆಂಡತಿ ಅಂತ, ನೌಕರಳು ಅಂತ ಅಲ್ಲ, ಹೆಂಡತಿಗೆ ಸಿಕ್ ಸರ್ಟಿಫಿಕೇಟ್ ಕೊಡೋ ಪದ್ಧತಿ ಇಲ್ಲ, ಮುಗಿದುಹೋದ ದಿನಗಳಿಗೆ ಈಗ ನಿಮ್ಮ ನಂಬರಲ್ಲಿ ಬರ್ಕೊಡೋಕೂ ಆಗಲ್ಲ ಅಂದ್ರು. ಮೂರು ವಾರಕ್ಕೆ ಮೂರು ವಾರಾನೂ ಲಾಸ್ ಆಫ್ ಪೇ. ಆಯಮ್ಮನ ಸ್ಯಾಲರಿ ಸ್ಲಿಪ್ ತರಿಸಿ ನೋಡ್ದೆ, ಹತ್ತು ಅಂಕಿಯ ಐಪಿ ನಂಬರ್ ಅಚ್ಚುಕಟ್ಟಾಗಿ ಪ್ರಿಂಟ್ ಆಗಿದೆ, ಪ್ರತಿ ತಿಂಗಳೂ ಕಟ್ ಆಗಿದೆ. ಅವರಿಗೆ ಅದು ಏನಂತಾನೇ ಗೊತ್ತಿಲ್ಲ, ಅದು ಇನ್ಶೂರೆನ್ಸ್ ನಂಬರ್ ಅಂತ ಅಲ್ಲಿವರೆಗೂ ಯಾರೂ ಹೇಳಿರ್ಲಿಲ್ಲ.

ಅವರು ಕಳ್ಕೊಂಡಿದ್ದು ಎಷ್ಟು ಅಂತ ಯೋಚನೆ ಮಾಡಿ. ಇಎಸ್‌ಐ ಸಿಕ್‌ನೆಸ್ ಬೆನಿಫಿಟ್ ಸರಾಸರಿ ದಿನಗೂಲಿಯ ಶೇಕಡಾ 70. ದಿನಕ್ಕೆ 500 ಬೀಳೋರಿಗೆ 350 ರೂಪಾಯಿ, ವರ್ಷದಲ್ಲಿ 91 ದಿನದವರೆಗೂ ಸಿಗುತ್ತೆ, ಅಂದ್ರೆ 31,850 ರೂಪಾಯಿ ತನಕ. ಇದಕ್ಕೆ ಆರು ತಿಂಗಳ ಕಾಂಟ್ರಿಬ್ಯೂಷನ್ ಅವಧಿಲಿ 78 ದಿನದ ದುಡ್ಡು ಕಟ್ಟಿರ್ಬೇಕು ಅಷ್ಟೆ, ರೆಗ್ಯುಲರ್ ಆಗಿ ಕೆಲಸಕ್ಕೆ ಹೋಗೋರಿಗೆ ಅದು ಆರಾಮಾಗಿ ಆಗಿರುತ್ತೆ. ಟಿಬಿ, ಕ್ಯಾನ್ಸರ್ ಥರ ದೊಡ್ಡ ಕಾಯಿಲೆಗಳ ಪಟ್ಟಿಲಿ ಇರೋದಾದ್ರೆ ಶೇಕಡಾ 80ರ ಲೆಕ್ಕದಲ್ಲಿ ಎರಡು ವರ್ಷದ ತನಕ ಕೊಡೋ ವ್ಯವಸ್ಥೆನೂ ಇದೆ. ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಸಿಕ್‌ನೆಸ್ ಬೆನಿಫಿಟ್ ತಗೊಳ್ತಿರೋ ಅವಧಿಲಿ ಮಾಲೀಕರು ನೌಕರರನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ನೇ ಹೇಳಿತ್ತು. ಅಂದ್ರೆ ಆ ಸರ್ಟಿಫಿಕೇಟ್ ಬರೀ ದುಡ್ಡಿನ ಚೀಟಿ ಅಲ್ಲ, ಕೆಲಸ ಉಳಿಸೋ ಕಾಗದ. ಗಂಡನ ಕಾರ್ಡಲ್ಲಿ ತೋರಿಸ್ಕೊಂಡು ಮನೇಲಿ ಮಲಗಿದ ಹೆಂಗಸಿಗೆ ಆ ರಕ್ಷಣೆ ಇರಲ್ಲ, ಕಂಪನಿ ಕಣ್ಣಿಗೆ ಆಕೆ ಹೇಳದೆ ಕೇಳದೆ ಗೈರುಹಾಜರಾದವಳು.

ಹೆರಿಗೆ ವಿಷಯಕ್ಕೆ ಬಂದ್ರೆ ಇದೇ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತೆ. ದುಡಿಯೋ ಹೆಣ್ಣುಮಗಳು ತನ್ನ ನಂಬರಲ್ಲಿ ಕ್ಲೇಮ್ ಮಾಡಿದ್ರೆ 26 ವಾರ ಪೂರ್ತಿ ಸಂಬಳದ ಲೆಕ್ಕದಲ್ಲಿ ದುಡ್ಡು ಬರುತ್ತೆ, ಹಿಂದಿನ ಎರಡು ಕಾಂಟ್ರಿಬ್ಯೂಷನ್ ಅವಧಿಲಿ 70 ದಿನ ಕಟ್ಟಿದ್ರೆ ಸಾಕು. ಅದೇ ಹೆಣ್ಣುಮಗಳು ಗಂಡನ ಕಾರ್ಡಲ್ಲಿ ಹೆಂಡತಿಯಾಗಿ ಹೋದ್ರೆ ಹೆರಿಗೆ ಮಾಡಿಸ್ತಾರೆ, ಚೆನ್ನಾಗಿ ನೋಡ್ಕೊಳ್ತಾರೆ, ಆದ್ರೆ ಆ 26 ವಾರದ ದುಡ್ಡು ಆ ಕಾರ್ಡಲ್ಲಿ ಬರಲ್ಲ. ತಿಂಗಳ ಚೆಕಪ್ಪಿಂದಾನೇ ತನ್ನ ಕಾರ್ಡಲ್ಲಿ ಹೋಗಿದ್ರೆ ಪೇಪರ್ ಎಲ್ಲ ಒಂದೇ ನಂಬರಲ್ಲಿ ಇರುತ್ತೆ. ಅರ್ಧ ಇಲ್ಲಿ ಅರ್ಧ ಅಲ್ಲಿ ತೋರಿಸ್ಕೊಂಡಿದ್ರೆ ಕೊನೇಲಿ ಕೂಸು ಎತ್ಕೊಂಡು ಇಎಸ್‌ಐ ಬ್ರಾಂಚ್ ಆಫೀಸ್ ಮೆಟ್ಟಿಲು ಹತ್ಬೇಕು. ಬಾಣಂತಿಗೆ ಆ ಅಲೆದಾಟ ಯಾಕೆ ಬೇಕು ಹೇಳಿ.

ಈಗ ದೊಡ್ಡ ಆಪರೇಷನ್ ವಿಷಯ. ಜ್ವರ ಕೆಮ್ಮಿಗೆ ಸೇರಿದ ದಿನದಿಂದಲೇ ಇಡೀ ಫ್ಯಾಮಿಲಿಗೆ ಟ್ರೀಟ್‌ಮೆಂಟ್ ಇದೆ, ಆದ್ರೆ ಹೃದಯ, ಕಿಡ್ನಿ, ನರ ಅಂತ ಸೂಪರ್ ಸ್ಪೆಷಾಲಿಟಿಗೆ ರೆಫರ್ ಮಾಡೋಕೆ ಕಾರ್ಡಿನವರ ಸರ್ವಿಸ್ ನೋಡ್ತಾರೆ. 2018ರಲ್ಲಿ ಇಎಸ್‌ಐ ನಡೆಸೋ ಕಾರ್ಪೊರೇಷನ್ ಸಡಿಲ ಮಾಡಿದ ರೂಲ್ ಪ್ರಕಾರ ಕಾರ್ಡಿನವರಿಗೇ ಆದ್ರೆ ಆರು ತಿಂಗಳ ಕೆಲಸ, 78 ದಿನದ ಕಾಂಟ್ರಿಬ್ಯೂಷನ್. ಅವರ ಫ್ಯಾಮಿಲಿಗೆ ಆದ್ರೆ ಒಂದು ವರ್ಷದ ಕೆಲಸ, 156 ದಿನದ ಕಾಂಟ್ರಿಬ್ಯೂಷನ್. ಈ ಒಂದು ಸಾಲು ಗೊತ್ತಿದ್ರೆ ಯಾವ ಕಾರ್ಡಲ್ಲಿ ಯಾರನ್ನ ತೋರಿಸ್ಬೇಕು ಅನ್ನೋದು ತಾನಾಗೇ ಅರ್ಥ ಆಗುತ್ತೆ. ತನಗೆ ಆದ್ರೆ ಯಾವಾಗ್ಲೂ ತನ್ನ ಕಾರ್ಡು, ಮಗುಗೋ ವಯಸ್ಸಾದವರಿಗೋ ಆದ್ರೆ ಮನೇಲಿ ಯಾರದು ಜಾಸ್ತಿ ಸರ್ವಿಸ್ ಇದ್ಯೋ ಅವರ ಕಾರ್ಡು.

ನಮ್ಮಲ್ಲಿ ಒಬ್ಬ ಹೆಲ್ಪರ್ ಸೇರಿ ಇನ್ನೂ ನಾಲ್ಕು ತಿಂಗಳಾಗಿತ್ತು, ಅದಕ್ಕೆ ಮುಂಚೆ ಕೂಲಿ ಕೆಲಸ, ಇಎಸ್‌ಐ ಇರ್ಲಿಲ್ಲ. ಮಗಳಿಗೆ ಎಂಟು ವರ್ಷ, ಹೃದಯದಲ್ಲಿ ತೂತು ಅಂತ ಗೊತ್ತಾಯ್ತು. ಅಪ್ಪನ ಕಾರ್ಡ್ ಹಿಡ್ಕೊಂಡು ಹೋದ್ರು, ಸರ್ವಿಸ್ ಸಾಲದು ಅಂತಾಯ್ತು. ಮನೆ ಮಾರೋಕೆ ಮನೆಯಾದ್ರೂ ಎಲ್ಲಿದೆ, ಕೂತ್ಕೊಂಡು ಅಳ್ತಿದ್ರು. ಅಲ್ಲಿ ಕೌಂಟರಲ್ಲಿದ್ದ ಒಬ್ಬ ಸಿಸ್ಟರ್ ಕರೆದು, ಮಗು ತಾಯಿ ಎಲ್ಲಾದ್ರೂ ಕೆಲಸಕ್ಕೆ ಹೋಗ್ತಾರಾ ಅಂತ ಕೇಳಿದ್ರಂತೆ. ತಾಯಿ ಆರು ವರ್ಷದಿಂದ ಗಾರ್ಮೆಂಟ್ಸಲ್ಲಿ, ಒಂದು ತಿಂಗಳೂ ತಪ್ಪದೆ ಇಎಸ್‌ಐ ಕಟ್ಟಿದೆ! ಆದ್ರೆ ಆ ಕಾರ್ಡಲ್ಲಿ ಮಗು ಹೆಸರೇ ಸೇರಿಸಿಲ್ಲ. ತಾಯಿ ಫ್ಯಾಕ್ಟರಿ ಎಚ್‌ಆರ್‌ನವರು ಪುಣ್ಯಾತ್ಮರು, ಆಧಾರ್ ತಗೊಂಡು ಕೂಡಲೇ ಹೆಸರು ಸೇರಿಸಿ ಹೊಸ ಕಾರ್ಡ್ ಪ್ರಿಂಟ್ ಕೊಟ್ರು, ರೆಫರ್ ಆಯ್ತು, ಆಪರೇಷನ್ ಆಯ್ತು, ಮಗು ಈಗ ಸ್ಕೂಲಿಗೆ ಹೋಗ್ತಿದೆ. ಆ ಸಿಸ್ಟರ್ ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ಸುತ್ತೆ. ಆ ಪ್ರಶ್ನೆ ಪ್ರತಿ ಕೌಂಟರಲ್ಲೂ ಕೇಳ್ಬೇಕು ಅನ್ನೋದೇ ನನ್ನ ಬೇಡಿಕೆ.

ಮೂರನೇ ವಿಷಯ 21,000ದ ಗೆರೆ. ಗಂಡನ ಸಂಬಳ 20,500 ಇರುತ್ತೆ, ಇನ್‌ಕ್ರಿಮೆಂಟ್ ಆಗಿ 21,600 ಆಗುತ್ತೆ, ಮನೇಲಿ ಸ್ವೀಟ್ ಹಂಚ್ತಾರೆ. ಆ ಸಂಬಳದ ಜೊತೆಗೇ ಇಎಸ್‌ಐ ಹೋಗುತ್ತೆ ಅನ್ನೋದು ಯಾರಿಗೂ ಹೊಳೆಯಲ್ಲ. ಕಾಂಟ್ರಿಬ್ಯೂಷನ್ ಅವಧಿ ವರ್ಷಕ್ಕೆ ಎರಡು, ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಆಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿ ಮಧ್ಯದಲ್ಲಿ ಸಂಬಳ ಮಿತಿ ದಾಟಿದ್ರೆ ಆ ಅವಧಿ ಮುಗಿಯೋ ತನಕ ಕಟ್ ಆಗ್ತಾನೇ ಇರುತ್ತೆ. ಏಪ್ರಿಲ್ 1ಕ್ಕೇ ಜಾಸ್ತಿ ಆದ್ರೆ ಏಪ್ರಿಲ್‌ನಿಂದಾನೇ ಕಟ್ ಆಗೋದು ನಿಲ್ಲುತ್ತೆ, ಅಕ್ಟೋಬರ್‌ನಿಂದ ಮಾರ್ಚ್ ತನಕ ಕಟ್ಟಿದ್ದಕ್ಕೆ ಬೆನಿಫಿಟ್ ಅವಧಿ, ಅಂದ್ರೆ ಸೌಲಭ್ಯ ಸಿಗೋ ಕಾಲ, ಜುಲೈಯಿಂದ ಡಿಸೆಂಬರ್ 31. ಅಲ್ಲಿಗೆ ಮುಗೀತು. ಆ ಕಾರ್ಡಲ್ಲಿದ್ದ ಹೆಂಡತಿ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಎಲ್ರದ್ದೂ ಒಂದೇ ದಿನ ಮುಗೀತು. ದೊಡ್ಡ ಕಂಪನಿಗಳಲ್ಲಾದ್ರೆ ಗ್ರೂಪ್ ಇನ್ಶೂರೆನ್ಸ್ ಅಂತ ಏನೋ ಮಾಡಿಸ್ತಾರೆ, ನಮ್ಮಂಥ ಸಣ್ಣ ಫ್ಯಾಕ್ಟರಿಗಳಲ್ಲಿ ಅದೆಲ್ಲ ಎಲ್ಲಿ ಬರ್ಬೇಕು. ಅಂಥಾ ಹೊತ್ತಲ್ಲಿ ಆ ಮನೇನ ಕಾಪಾಡೋದು ಹೆಂಡತಿ ಕಾರ್ಡೇ, ಆಕೆ ಸಂಬಳ 14,000, ಇಎಸ್‌ಐ ಗಟ್ಟಿಯಾಗಿ ಇದೆ. ಗಂಡನನ್ನ, ಮಕ್ಕಳನ್ನ ಅದರಲ್ಲಿ ಮುಂಚೆನೇ ಸೇರಿಸಿಟ್ಟಿದ್ರೆ ಒಂದು ದಿನಾನೂ ತೊಂದ್ರೆ ಇಲ್ಲ.

ಇಲ್ಲಿ ಒಂದು ಕೊರತೆ ಬಹಳ ವರ್ಷದಿಂದ ಇತ್ತು. ಹಳೇ ಕಾಯ್ದೆಲಿ ಫ್ಯಾಮಿಲಿ ಅಂದ್ರೆ ಗಂಡ ಅಥವಾ ಹೆಂಡತಿ, ಮಕ್ಕಳು, ನೌಕರರ ಸ್ವಂತ ತಂದೆ ತಾಯಿ, ಕೆಲವು ಸಂದರ್ಭದಲ್ಲಿ ತಮ್ಮ ತಂಗಿ, ಅಷ್ಟೇ. ಸೊಸೆ ಕಾರ್ಡಲ್ಲಿ ಅತ್ತೆ ಮಾವ ಬರ್ತಿರ್ಲಿಲ್ಲ. ಮಗನ ಕಾರ್ಡ್ ನಿಂತ್ರೆ ಶುಗರ್ ಬಿಪಿ ಮಾತ್ರೆ ಮೇಲೆ ಬದುಕಿರೋ ಆ ಮುದುಕಮ್ಮ ಬೀದಿಗೆ ಬಿದ್ದ ಹಾಗೆ, ಸೊಸೆ ಇಎಸ್‌ಐ ಕಟ್ತಿದ್ರೂ ಪ್ರಯೋಜನ ಇಲ್ಲ. 2020ರಲ್ಲಿ ಪಾಸಾದ ಸಾಮಾಜಿಕ ಭದ್ರತಾ ಸಂಹಿತೆಲಿ ಇದನ್ನ ಸರಿ ಮಾಡಿದ್ದಾರೆ, ಮಹಿಳಾ ನೌಕರರ ಅವಲಂಬಿತ ಅತ್ತೆ ಮಾವಂದಿರನ್ನೂ ಫ್ಯಾಮಿಲಿ ಒಳಗೆ ತಂದಿದ್ದಾರೆ, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೂ ಬಂದಿದೆ. ಬಹಳ ಒಳ್ಳೆ ಬದಲಾವಣೆ, ಮನಸಾರೆ ಸ್ವಾಗತ ಮಾಡ್ತೀನಿ. ಆದ್ರೆ ಇದು ಗಾರ್ಮೆಂಟ್ಸ್ ಲೈನಲ್ಲಿ ಕೂತು ಹೊಲಿಯೋ ಹೆಣ್ಣುಮಗಳ ಕಿವಿಗೆ ಬಿದ್ದಿಲ್ಲ. ಕಾಯ್ದೆ ಪುಸ್ತಕದಲ್ಲಿ ಬಂದಿದ್ದು ಕಾರ್ಡ್ ಮೇಲೂ ಬರೋ ಹಾಗೆ ಕಾರ್ಪೊರೇಷನ್ ಮತ್ತು ಕಂಪನಿಗಳು ನೋಡ್ಕೋಬೇಕು.

ಸ್ವಂತ ತಂದೆ ತಾಯಿ ವಿಷಯದಲ್ಲೂ ಒಂದು ಮಾತು. ಮದುವೆ ಆದ ಹೆಣ್ಣುಮಗಳ ಕಾರ್ಡಲ್ಲಿ ಆಕೆ ಅಪ್ಪ ಅಮ್ಮನ್ನ ಹಾಕೋಕೆ ಬರಲ್ಲ ಅಂತ ಕೆಲವು ಎಚ್‌ಆರ್‌ನವರು ಹೇಳಿ ಕಳಿಸ್ತಾರೆ. ಕಾಯ್ದೆಲಿ ಹಾಗೇನಿಲ್ಲ, ಅವಲಂಬಿತ ತಂದೆ ತಾಯಿ ಅಂತ ಮಾತ್ರ ಇದೆ, ಅವರ ಆದಾಯ ನಿಗದಿ ಮಾಡಿದ ಮಿತಿ ಒಳಗಿರ್ಬೇಕು ಅಷ್ಟೇ, ಮಗ ಮಗಳು ಅಂತ ಭೇದ ಇಲ್ಲ, ಮದುವೆ ಆಗಿದ್ಯಾ ಅಂತ ಕೇಳೋದೂ ಇಲ್ಲ. ತಮ್ಮ ತಂಗಿ ವಿಷಯ ಬೇರೆ. ಅಕ್ಕನ ಕಾರ್ಡಲ್ಲಿ ತಮ್ಮ ಬರ್ಬೇಕಾದ್ರೆ ಆಕೆಗೆ ಮದುವೆ ಆಗಿರ್ಬಾರ್ದು, ತಂದೆ ತಾಯಿ ತೀರಿಹೋಗಿರ್ಬೇಕು, ತಮ್ಮ ಮೈನರ್ ಆಗಿರ್ಬೇಕು. ಓದ್ತಿರೋ ಮಕ್ಕಳು 21 ವರ್ಷದ ತನಕ ಅಪ್ಪ ಅಮ್ಮನ ಕಾರ್ಡಲ್ಲಿ ಇರ್ಬೋದು, ಓದು ಬಿಟ್ಟು ಮಗ ಕೆಲಸಕ್ಕೆ ಸೇರಿದ್ರೆ ಅವನಿಗೆ ಅವನದೇ ಕಾರ್ಡು.

ಇನ್ನೊಂದು ದೊಡ್ಡ ತಲೆನೋವು ಡಬಲ್ ನಂಬರ್. ಐಪಿ ನಂಬರ್ ಒಬ್ರಿಗೆ ಜೀವನಕ್ಕೆಲ್ಲ ಒಂದೇ ಇರ್ಬೇಕು, ಕೆಲಸ ಬದಲಾದ್ರೆ ಹೊಸ ಕಂಪನಿ ಹಳೇ ನಂಬರನ್ನೇ ಮುಂದುವರಿಸ್ಬೇಕು. ಆದ್ರೆ ಕಾಂಟ್ರ್ಯಾಕ್ಟರ್ ಬದಲಾದಾಗೆಲ್ಲ ಹೊಸ ನಂಬರ್ ಹುಟ್ಟಿಸೋದು ಬಹಳ ಕಾಲ ನಡೀತು, ಈಗ ಆಧಾರ್ ಜೋಡಣೆ ಬಂದ ಮೇಲೆ ಸ್ವಲ್ಪ ಹತೋಟಿಗೆ ಬಂದಿದೆ. ಹಿಂಗೆ ಒಬ್ಬೊಬ್ರ ಹೆಸರಲ್ಲಿ ಎರಡು ಮೂರು ನಂಬರ್ ಇದ್ದು, ಮನೇಲಿ ಮೂರು ಜನ ದುಡಿಯೋರಿದ್ರೆ ಆ ಪೇಪರ್ ರಾಶಿಲಿ ಯಾವುದು ಚಾಲ್ತಿ ಯಾವುದು ಸತ್ತಿದ್ದು ಅಂತ ಹುಡುಕೋದೇ ಕಷ್ಟ. ಸರ್ವಿಸ್ ಹರಿದು ಹಂಚಿಹೋದ್ರೆ 78 ದಿನಾನೂ ತುಂಬಲ್ಲ, 156 ದಿನಾನೂ ತುಂಬಲ್ಲ. ರಿಟೈರ್ ಆದ್ಮೇಲೆ ಇದರ ಪೆಟ್ಟು ಇನ್ನೂ ಜೋರು. ಐದು ವರ್ಷ ಇಎಸ್‌ಐ ಸರ್ವಿಸ್ ಇದ್ದು ವಯಸ್ಸಾಗಿ ನಿವೃತ್ತಿ ಆದೋರು ವರ್ಷಕ್ಕೆ ಬರೀ 120 ರೂಪಾಯಿ ಕಟ್ಟಿದ್ರೆ ಗಂಡ ಹೆಂಡತಿ ಇಬ್ರಿಗೂ ಟ್ರೀಟ್‌ಮೆಂಟ್ ಮುಂದುವರಿಯುತ್ತೆ. ತಿಂಗಳಿಗೆ ಹತ್ತು ರೂಪಾಯಿ! ಗಂಡ ಮಿತಿ ದಾಟಿ ಎಂದೋ ಇಎಸ್‌ಐನಿಂದ ಹೊರಗೆ ಹೋಗಿರ್ತಾನೆ, ಹೆಂಡತಿ ಮಾತ್ರ ರಿಟೈರ್ ಆಗೋ ತನಕ ಇಎಸ್‌ಐಲೇ ಇರ್ತಾಳೆ. ಆಕೆ ಸರ್ವಿಸ್ ಒಂದೇ ನಂಬರಲ್ಲಿ ಕಾಣಿಸಿದ್ರೆ ಆ ವಯಸ್ಸಲ್ಲಿ ಇಬ್ರಿಗೂ ಆಸರೆ ಆಗೋದು ಆಕೆ ದುಡಿಮೆ. ಇದನ್ನ ನಾನು ಹೇಳಿದಾಗೆಲ್ಲ ಗಂಡಸರು ಸುಮ್ನೆ ಕೇಳಿಸ್ಕೋತಾರೆ, ಹೆಂಗಸರು ಸ್ಯಾಲರಿ ಸ್ಲಿಪ್ ಹುಡುಕ್ತಾರೆ.

ಕಾರ್ಡ್ ಮಾಡ್ಸೋದು ಕಷ್ಟ ಏನಿಲ್ಲ. ಈಗಿರೋದು ಇ-ಪೆಹಚಾನ್ ಅನ್ನೋ ಇಎಸ್‌ಐ ಕಾರ್ಡ್, ಪೇಪರ್ ಮೇಲೆ ಪ್ರಿಂಟ್ ಬರುತ್ತೆ. ಮೇಲೆ ನೌಕರರ ಹೆಸರು, ಹತ್ತು ಅಂಕಿಯ ನಂಬರ್, ಕೆಳಗೆ ಫ್ಯಾಮಿಲಿ ಪಟ್ಟಿ, ಒಬ್ಬೊಬ್ರ ಹೆಸರು, ಹುಟ್ಟಿದ ತಾರೀಖು, ಸಂಬಂಧ. ಫ್ಯಾಮಿಲಿ ಫೋಟೊ ಅಂಟಿಸಿ ಅದರ ಮೇಲೆ ಕಂಪನಿ ಸೀಲು ಸಹಿ ಬೀಳ್ಬೇಕು. ಫ್ಯಾಮಿಲಿ ವಿವರ ಕೊಡುವಾಗ ಜೊತೇಲಿ ಇದ್ದಾರಾ ಇಲ್ವಾ ಅಂತಾನೂ ಕೇಳ್ತಾರೆ, ಅದನ್ನ ಯಾರೂ ಗಮನಿಸಲ್ಲ, ಎಲ್ಲದಕ್ಕೂ ಹೌದು ಅಂತ ಒತ್ತಿಬಿಡ್ತಾರೆ. ಅಪ್ಪ ಅಮ್ಮ ಊರಲ್ಲಿದ್ರೆ ಇಲ್ಲ ಅಂತ ಹಾಕಿ, ಅವರಿಗೆ ಹತ್ತಿರದ ಡಿಸ್ಪೆನ್ಸರಿ ಆರಿಸ್ಕೋಬೋದು. ಹಾಸನದಲ್ಲಿರೋ ತಾಯಿ ಬೆಂಗಳೂರಿನ ಡಿಸ್ಪೆನ್ಸರಿಗೆ ಬಸ್ ಹತ್ತಿ ಬರೋ ಅಗತ್ಯ ಇಲ್ಲ. ಮನೇಲಿ ಇಬ್ರು ದುಡಿಯೋರಿದ್ರೆ ಇಬ್ರೂ ಒಬ್ರನ್ನೊಬ್ರು ಸೇರಿಸ್ಕೊಳ್ಳಿ, ಮಕ್ಕಳ ಹೆಸರು ಎರಡೂ ಕಡೆ ಕೊಡಿ, ಕೂಸು ಹುಟ್ಟಿದ ಕೂಡಲೇ ಹೆಸರು ಸೇರಿಸಿ. ಆಧಾರಲ್ಲಿ ಇರೋ ಹೆಸರು, ಇಎಸ್‌ಐನಲ್ಲಿ ಇರೋ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರ್ಲಿ, ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ಕ್ಲೇಮ್ ನಿಂತಿದ್ದನ್ನ ನೋಡಿದ್ದೀನಿ.

ನನ್ನಂಥಾ ಟೈಮ್ ಆಫೀಸ್‌ನವರಿಗೆ, ಎಚ್‌ಆರ್‌ನವರಿಗೆ ಕೈಮುಗಿದು ಕೇಳ್ತೀನಿ. ಗಂಡನ ಕಾರ್ಡ್ ಇದ್ಯಲ್ಲ ಸಾಕು ಬಿಡಮ್ಮ ಅನ್ನೋ ಮಾತು ಬಿಡಿ. ಫ್ಯಾಮಿಲಿ ವಿವರ ತುಂಬೋಕೆ ಒಬ್ರಿಗೆ ಹೆಚ್ಚು ಹೊತ್ತೇನೂ ಹಿಡಿಯಲ್ಲ. ದುಡ್ಡು ಕಟ್ ಮಾಡೋದು ಪ್ರತಿ ತಿಂಗಳೂ ಮರೆಯಲ್ಲ, ಕಾರ್ಡ್ ಕೊಡೋದನ್ನ ಯಾಕೆ ಮರೀಬೇಕು? ಕಾರ್ಪೊರೇಷನ್‌ಗೆ, ರಾಜ್ಯದ ಇಎಸ್‌ಐ ವೈದ್ಯಕೀಯ ಸೇವೆಗಳ ಇಲಾಖೆಗೆ ಕೇಳೋದು ಇಷ್ಟೇ, ರಾಜಾಜಿನಗರ, ಪೀಣ್ಯ, ಇಂದಿರಾನಗರದಿಂದ ಹಿಡಿದು ಕಲಬುರಗಿ ತನಕ ಎಲ್ಲ ಆಸ್ಪತ್ರೆ, ಡಿಸ್ಪೆನ್ಸರಿ ಕೌಂಟರಲ್ಲಿ, ನೀವೂ ಕೆಲಸಕ್ಕೆ ಹೋಗ್ತೀರಾ, ನಿಮ್ಮದೇ ಕಾರ್ಡ್ ಇದ್ಯಾ ಅಂತ ಬಂದವರನ್ನ ಕೇಳೋ ಪದ್ಧತಿ ಬರ್ಲಿ. ಅದನ್ನೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬೋರ್ಡ್ ಬರೆಸಿ ಹಾಕ್ಲಿ. ಬೇರೆಯವರ ಕಾರ್ಡಲ್ಲಿ ತೋರಿಸ್ಕೊಂಡ ನೌಕರರಿಗೆ, ಅವರದೇ ನಂಬರ್ ಆ ದಿನ ಚಾಲ್ತಿಲಿ ಇದ್ದಿದ್ದು ಸಿಸ್ಟಮಲ್ಲಿ ಕಾಣಿಸಿದ್ರೆ, ಅದೇ ಡಾಕ್ಟರ್ ಬರೆದ ಕೇಸ್ ಶೀಟ್ ಮೇಲೆ ಸಿಕ್ ಸರ್ಟಿಫಿಕೇಟ್ ಕೊಡೋಕೆ ಒಂದು ದಾರಿ ಮಾಡ್ಲಿ. ಕಾಯಿಲೆ ಸುಳ್ಳಲ್ಲ, ದುಡ್ಡು ಕಟ್ಟಿದ್ದೂ ಸುಳ್ಳಲ್ಲ, ಕಿಟಕಿಲಿ ತೋರಿಸಿದ ಚೀಟಿ ಬೇರೆ ಅಷ್ಟೇ.

ಏಪ್ರಿಲ್ 1ಕ್ಕೆ ಹೊಸ ಕಾಂಟ್ರಿಬ್ಯೂಷನ್ ಅವಧಿ ಶುರು, ಎಷ್ಟೋ ಕಂಪನಿಗಳಲ್ಲಿ ಇನ್‌ಕ್ರಿಮೆಂಟ್ ಆಗೋದೂ ಆಗಲೇ. ಅಷ್ಟರೊಳಗೆ ಮನೇಲಿ ದುಡಿಯೋರೆಲ್ಲ ತಮ್ಮ ತಮ್ಮ ಸ್ಯಾಲರಿ ಸ್ಲಿಪ್ ತೆಗೆದು ಐಪಿ ನಂಬರ್ ಬರ್ಕೊಂಡು, ತಮ್ಮ ಎಚ್‌ಆರ್ ಹತ್ರ ಹೋಗಿ ಫ್ಯಾಮಿಲಿ ಹೆಸರು ಸೇರಿಸಿ ಸೀಲ್ ಹಾಕಿಸ್ಕೊಳ್ಳಿ. ಎಚ್‌ಆರ್ ಮಾಡ್ಕೊಡಲ್ಲ ಅಂದ್ರೆ ಹತ್ತಿರದ ಇಎಸ್‌ಐ ಬ್ರಾಂಚ್ ಆಫೀಸಿಗೆ ಆಧಾರ್ ಸಮೇತ ಹೋಗಿ ಅರ್ಜಿ ಕೊಡಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲ್ ತಗೊಳ್ಳೋದು ಮರೀಬೇಡಿ.

ಇಂತಿ,
ನಿಮ್ಮ ಓದುಗ,
ಪೀಣ್ಯ, ಬೆಂಗಳೂರು